ಆಟದ ಪಿರಿಯಡ್ ಕಸಿಯಬೇಡಿ

ಪರೀಕ್ಷೆ ಹತ್ತಿರ ಬಂದರೆ ಶಾಲೆಗಳಲ್ಲಿ ಮೊದಲು ಕತ್ತರಿ ಬೀಳುವುದು ಆಟದ ಪಿರಿಯಡ್‌ಗೆ. ಆ ಹೊತ್ತು ಗಣಿತದ ಪಾಲಾಗುತ್ತದೆ. ಈ ಪರಿಪಾಟ ನಿಲ್ಲಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 3–4 ವರ್ಷದ ಮಕ್ಕಳಿಗೆ ದಿನಕ್ಕೆ 180 ನಿಮಿಷ ಓಡಾಟ ಬೇಕು. ಈ ಪುಟಾಣಿಗಳಿಗೆ ಮೊಬೈಲ್, ಟಿವಿ ದಿನಕ್ಕೆ ಒಂದು ಗಂಟೆ ಮೀರಬಾರದು. ಆಟದಿಂದ ಎಲುಬು ಗಟ್ಟಿಯಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಪಾಠದಲ್ಲೂ ಮನಸ್ಸು ನಿಲ್ಲುತ್ತದೆ. ಅದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು ಇದ್ದರೆ ಲಗೋರಿ. ನೆಲದ ಮೇಲೆ ನಾಲ್ಕು ಗೆರೆ ಎಳೆದರೆ ಕುಂಟೆಬಿಲ್ಲೆ. ಬಯಲೇ ಇಲ್ಲದ ಬಡಾವಣೆಗಳಲ್ಲಿ ಸಂಜೆ ಹೊತ್ತು ಶಾಲಾ ಮೈದಾನಗಳ ಗೇಟು ತೆರೆಯಲಿ. ಹೆತ್ತವರೂ ಮೊಬೈಲ್ ಬದಿಗಿಟ್ಟು ಮಕ್ಕಳೊಂದಿಗೆ ಅಂಗಳಕ್ಕಿಳಿಯಲಿ.