ನಕ್ಷೆಯಲ್ಲೇ ಬೆರೆಸಿದ ವಿಷ

ಕೆರೆಯಂಗಳಕ್ಕೆ ಕಲ್ಲು ನೆಟ್ಟು, ಸುಣ್ಣ ಬಳಿದು, ಸೈಟು ಮಾರಿದವನಿಗೆ ಡೆವಲಪರ್ ಎಂಬ ಬಿರುದು. ಅದೇ ಕೆರೆಯಲ್ಲಿ ಎಮ್ಮೆಯ ಮೈ ತೊಳೆದವನಿಗೆ ‘ನೀರು ಕೆಡಿಸಿದರೆ ದಂಡ’ ಎಂಬ ಬೋರ್ಡು. ಎಂಥ ನ್ಯಾಯ ರೀ ಇದು!

ಅರ್ಕಾವತಿಯನ್ನೇ ನೋಡಿ. ನಂದಿಬೆಟ್ಟದ ಕಡೆಯಿಂದ ಇಳಿಯುವ ಈ ಹೊಳೆಗೆ ಕುಮುದ್ವತಿ ಕೂಡುವಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಅಣೆಕಟ್ಟು ಎದ್ದಿತು. ಕಾವೇರಿ ಬರುವ ಮುಂಚೆ ಬೆಂಗಳೂರಿನ ಗಂಟಲು ತಣಿಸಿದ್ದು ಇದೇ ನೀರು. 2012ರ ಹೊತ್ತಿಗೆ ಹರಿವು ಬತ್ತಿ, ಉಳಿದದ್ದೂ ಹೊಲಸಾಗಿ, ಪಂಪು ನಿಂತಿತು. ಹೊಳೆಯ ಮೇಲ್ಭಾಗದಲ್ಲಿ, ದೊಡ್ಡಬಳ್ಳಾಪುರದ ಬಳಿ, ಕಾರ್ಖಾನೆಗಳ ನೀರೂ ಪಟ್ಟಣದ ಕೊಳಚೆಯೂ ಸೇರಿ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳು ಹಾಳಾದವು. ಅಲ್ಲಿನ ಜನ ಬೀದಿಗಿಳಿದು ಕೂಗಿದರು.

ಸರ್ಕಾರಕ್ಕೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! 2003ರಲ್ಲಿ ತಾನೇ ಆದೇಶ ಹೊರಡಿಸಿ, ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ನಾಲ್ಕು ವಲಯ ಮಾಡಿ, ಜಲಾಶಯದ ಸುತ್ತ 2 ಕಿಲೋಮೀಟರ್‌ವರೆಗೆ ನಿರ್ಬಂಧ ಹೇರಿತ್ತು. 2019ರಲ್ಲಿ ಆ ರಕ್ಷಣೆಯ ಗೆರೆಗಳನ್ನು ತಾನೇ ಕುಗ್ಗಿಸಿತು. ಅದೇ ವರ್ಷ ಇನ್ನೊಂದು ಏಟು. ಬೆಂಗಳೂರಿನ ಕೆರೆಯಂಚಿನಿಂದ 75 ಮೀಟರ್ ಬಿಡಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಾಸ್ಟರ್ ಪ್ಲಾನಿನ 30 ಮೀಟರೇ ಗೆದ್ದಿತು.

ಅಂದರೆ ನೀರಿನ ಹಣೆಬರಹ ಬರೆಯುವುದು ಭೂ ಉಪಯೋಗದ ನಕ್ಷೆ. ಅದರಲ್ಲಿ ಹಸಿರು ಬಣ್ಣದ ಹೊಲ ವಸತಿಯ ಹಳದಿಯಾದ ದಿನವೇ ಕೆರೆ ಕೆಟ್ಟಿತೆಂದು ತಿಳಿಯಿರಿ. ಹುಲ್ಲು, ಬೇರು, ಮಣ್ಣು ಸೋಸಿ ಕಳಿಸುತ್ತಿದ್ದ ಮಳೆನೀರು ಈಗ ಕಾಂಕ್ರೀಟಿನ ಮೇಲೆ ಜಾರಿ, ಎಣ್ಣೆ, ಕಸ, ಪಿಟ್‌ಗುಂಡಿಯ ಹೊಲಸು ಎಲ್ಲವನ್ನೂ ಬಳಿದುಕೊಂಡು ರಾಜಕಾಲುವೆಗೆ ಬೀಳುತ್ತದೆ. ಆ ರಾಜಕಾಲುವೆಯೂ ಎಷ್ಟೋ ಕಡೆ ಪಹಣಿಯಲ್ಲಿ ‘ಬಿ ಖರಾಬು’, ಅಂದರೆ ಸಾರ್ವಜನಿಕ ಬಳಕೆಯ ಜಾಗ, ಎಂದಷ್ಟೇ ಉಳಿದಿದೆ; ನೆಲದ ಮೇಲೆ ಯಾರದೋ ಕಾಂಪೌಂಡಿದೆ. ಆಮೇಲೆ ಕೋಟಿಗಟ್ಟಲೆ ಸುರಿದು ಶುದ್ಧೀಕರಣ ಘಟಕ ಕಟ್ಟುತ್ತಾರೆ. ಅದಕ್ಕೂ ಟೆಂಡರು, ಅದರಲ್ಲೂ ಪರ್ಸೆಂಟೇಜು.

ಭೂ ಉಪಯೋಗ ಬದಲಾವಣೆಗೆ ಆಕ್ಷೇಪಣೆ ಕರೆಯುತ್ತಾರಲ್ಲ, ಆ ಪ್ರಕಟಣೆ ಓದಿದ್ದೀರಾ? ಪೇಪರಿನ ಮೂಲೆಯಲ್ಲಿ ಅಂಗೈಯಗಲ, ಇರುವೆ ಗಾತ್ರದ ಅಕ್ಷರ, ಬರೀ ಸರ್ವೆ ನಂಬರು. ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆಯುವವಳಿಗೆ ಅದು ತಲುಪುವುದು ಜೆಸಿಬಿ ಬಂದಾಗ.

ಬಣ್ಣ ಬದಲಾಗಲಿರುವ ಊರಿನ ಗ್ರಾಮಸಭೆಯಲ್ಲಿ ನಕ್ಷೆ ಬಿಡಿಸಿ, ಕೆಳಗಿನ ಕೆರೆಯ ಜನರನ್ನೂ ಕೂರಿಸಿ ಒಪ್ಪಿಗೆ ಪಡೆಯದೆ ಒಂದು ಗುಂಟೆಯ ಬಣ್ಣವನ್ನೂ ಬದಲಿಸಕೂಡದು. ಅಲ್ಲಿಯವರೆಗೆ, ನೀರಿನ ಮಾದರಿಗೆ ಬಾಟಲಿ ಹಿಡಿದು ಬರುವ ಅಧಿಕಾರಿಯನ್ನು ಕೆರೆ ಏರಿಯ ಮೇಲೇ ತಡೆದು ಕೇಳಿ: ಪರೀಕ್ಷೆ ಆಮೇಲಾಗಲಿ, ಮೇಲಿನ ಲೇಔಟಿಗೆ ಸಹಿ ಹಾಕಿದ ಕೈ ಯಾರದು?