ಕಕ್ಷಿಯೂ ಕಂಪನಿ, ನ್ಯಾಯಾಧೀಶನೂ ಕಂಪನಿ!

ಮನೆಗೆ ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡವರ ಗೋಳು ನಮ್ಮ ಕಿವಿಗೂ ಬಿದ್ದಿದೆ. ಹಣ ಸಲ್ಲುವವರೆಗೆ ದಿನಕ್ಕೆ ಮೂರು ಫೋನು. ಸಂದ ಮೇಲೆ ಎಲ್ಲವೂ ‘ನಾಳೆ’. ಕೇಬಲ್ ಎಳೆಯುವ ಹುಡುಗನನ್ನು ಬಯ್ದು ಫಲವಿಲ್ಲ, ಅವನೂ ಬಹುಮಟ್ಟಿಗೆ ಗುತ್ತಿಗೆಯ ಕೂಲಿಯೇ. ಜಾಹೀರಾತಿನಲ್ಲಿ ವೇಗ ‘100 ಎಂಬಿಪಿಎಸ್‌ವರೆಗೆ’! ‘ಒಂದು ಕಿಲೋವರೆಗೆ’ ಅಕ್ಕಿ ಎಂದು ನಮ್ಮ ಅಂಗಡಿಕಾರ ತೂಗಿದರೆ ಗಿರಾಕಿ ಬಿಟ್ಟಾನೆಯೇ?

ದೂರು ಕೇಳುವುದು ಕಂಪನಿಯ ಕೇಂದ್ರ. ದೂರಸಂಪರ್ಕ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ಮೇಲ್ಮನವಿಯೂ ಕಂಪನಿಯೊಳಗೇ! ಒಬ್ಬೊಬ್ಬರ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ. ಇದನ್ನು ನ್ಯಾಯವೆನ್ನಲು ನಾವು ಸಿದ್ಧರಿಲ್ಲ.

ಟೆಲಿಕಾಂ ಗ್ರಾಹಕರೂ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ರಸೀದಿ, ದೂರಿನ ಸಂಖ್ಯೆ ಜೋಪಾನವಾಗಿಟ್ಟು ಜಿಲ್ಲಾ ಆಯೋಗಕ್ಕೆ ಅರ್ಜಿ ಹಾಕಿರಿ.