ಬೆಳಕಿನಲ್ಲಿ ಕಾಣೆಯಾದ ಆಕಾಶ

ಕಾರ್ತಿಕ ಮಾಸದ ಕೊನೆಯಲ್ಲಿ, ರಾತ್ರಿ ಒಂಬತ್ತರ ಸುಮಾರಿಗೆ, ಬಾಗಲಕೋಟೆ ಜಿಲ್ಲೆಯ ನೆತ್ತಿಯಿಂದ ತುಸು ಉತ್ತರಕ್ಕೆ ದೇವಯಾನಿ ನಕ್ಷತ್ರಪುಂಜ ನಿಂತಿರುತ್ತದೆ. ಅದರೊಳಗೊಂದು ಮಸುಕಾದ ಬೆಳಕಿನ ಕಲೆಯಿದೆ. ಅದೇ ಆಂಡ್ರೊಮೆಡಾ ಗೆಲಾಕ್ಸಿ. ಇಂದು ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಹೊರಟದ್ದು ಸುಮಾರು 25 ಲಕ್ಷ ವರ್ಷಗಳ ಹಿಂದೆ. ಹುನಗುಂದ ಸೀಮೆಯ ಎರೆ ಹೊಲದಲ್ಲಿ, ಊರದೀಪಗಳಿಂದ ದೂರ ನಿಂತರೆ ಅದನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಬಾಗಲಕೋಟೆ ನವನಗರದ ಮನೆಯ ಹಿತ್ತಲಿನಲ್ಲಿ ನಿಂತವರಿಗೆ ಆ ಭಾಗ್ಯವಿಲ್ಲ.

ಹಾಗೆಂದು ಹಿತ್ತಲಿನಿಂದ ಗೆಲಾಕ್ಸಿಯ ಚಿತ್ರ ತೆಗೆಯುವುದು ಅಸಾಧ್ಯವಲ್ಲ. ಭೂಮಿಯ ತಿರುಗುವಿಕೆಗೆ ತಕ್ಕಂತೆ ಚಲಿಸುವ ಪೀಠದ ಮೇಲೆ ಕ್ಯಾಮೆರಾ ಇರಿಸಿ, ಅರ್ಧರ್ಧ ನಿಮಿಷದ ನೂರಾರು ಚಿತ್ರಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿದರೆ ಸುರುಳಿಯ ಆಕಾರ ಮೂಡುತ್ತದೆ. ಆದರೆ ಊರಿನ ಬೆಳಕು ಇದಕ್ಕೆ ಸುಂಕ ವಸೂಲು ಮಾಡುತ್ತದೆ. ಆಕಾಶ ಹತ್ತು ಪಟ್ಟು ಬೆಳಗಿದ್ದರೆ, ಕತ್ತಲ ಊರಿನಲ್ಲಿ ಒಂದು ಗಂಟೆಯಲ್ಲಿ ದೊರೆಯುವ ಸ್ಪಷ್ಟತೆಗೆ ಇಲ್ಲಿ ಹತ್ತು ಗಂಟೆ ಬೇಕು. ದೊಡ್ಡ ದೂರದರ್ಶಕ ಕೊಂಡರೂ ಪ್ರಯೋಜನ ಅಷ್ಟಕ್ಕಷ್ಟೆ. ಅದು ಗೆಲಾಕ್ಸಿಯೊಂದಿಗೆ ಹಿನ್ನೆಲೆಯ ಮಬ್ಬು ಬೆಳಕನ್ನೂ ಹಿಗ್ಗಿಸಿ ತೋರಿಸುತ್ತದೆ.

ಹವ್ಯಾಸಿಗಳ ಈ ಅಳಲು ಸಾರ್ವಜನಿಕ ನೀತಿಯ ಪ್ರಶ್ನೆಯೂ ಹೌದು. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ ಬಳಿಕ ದೇಶದಾದ್ಯಂತ ಹಳದಿ ಸೋಡಿಯಂ ದೀಪಗಳ ಜಾಗಕ್ಕೆ ಎಲ್‌ಇಡಿ ಬಂತು. ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕಿನ ಅಂಶ ಹೆಚ್ಚು. ಹಗಲಿನ ಆಕಾಶವನ್ನು ನೀಲಿಯಾಗಿಸುವ ಚದುರುವಿಕೆಯೇ ರಾತ್ರಿ ಈ ಬೆಳಕನ್ನು ಆಕಾಶದ ತುಂಬ ಹರಡುತ್ತದೆ. ಸೋಡಿಯಂ ಬೆಳಕನ್ನು ಫಿಲ್ಟರ್ ಹಾಕಿ ಬಹುಮಟ್ಟಿಗೆ ತಡೆಯಬಹುದಿತ್ತು. ಎಲ್ಲ ಬಣ್ಣಗಳಿಗೂ ವ್ಯಾಪಿಸಿದ ಎಲ್‌ಇಡಿಯನ್ನು ಹಾಗೆ ತಡೆಯಲಾಗದು. 2011ರಿಂದ 2022ರವರೆಗೆ ಸಾಮಾನ್ಯ ನಾಗರಿಕರು ಮಾಡಿದ ನಕ್ಷತ್ರ ವೀಕ್ಷಣೆಗಳನ್ನು ಆಧರಿಸಿ 2023ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಧ್ಯಯನವು ಆಕಾಶದ ಬೆಳಗು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಏರಿದೆ ಎಂದಿತು. ವೀಕ್ಷಣೆಗಳು ಬಹುಪಾಲು ಯುರೋಪ್, ಅಮೆರಿಕದವು ಎಂಬುದು ನಿಜ. ಆದರೂ ಈ ವೇಗದಲ್ಲಿ ಎಂಟು ವರ್ಷ ತುಂಬುವುದರೊಳಗೆ ಬೆಳಗು ಇಮ್ಮಡಿಯಾಗುತ್ತದೆ.

ವರ್ಷಗಟ್ಟಲೆ ವಿದ್ಯುತ್ ಕಡಿತ ಅನುಭವಿಸಿದ ಜನರಿಗೆ ಬೀದಿದೀಪವೆಂದರೆ ಸುರಕ್ಷತೆ ಮತ್ತು ಘನತೆ. ನಸುಕಿನಲ್ಲಿ ಕೆಲಸಕ್ಕೆ ಹೊರಡುವ ಇಳಕಲ್ಲಿನ ಹೆಣ್ಣುಮಗಳಿಗೆ ಆಕಾಶದ ಸಲುವಾಗಿ ಕತ್ತಲಲ್ಲಿ ನಡೆಯಿರಿ ಎನ್ನುವುದು ಅನ್ಯಾಯ. ಆದರೆ ಆಕಾಶಕ್ಕೆ ಚೆಲ್ಲುವ ಬೆಳಕು ಆಕೆಯ ದಾರಿಗೂ ಒದಗುವುದಿಲ್ಲ. ದೀಪಕ್ಕೆ ಮೇಲಿನಿಂದ ಮರೆಯಿದ್ದು, ಬಣ್ಣ ಬೆಚ್ಚಗಿನ ಹಳದಿಯಾಗಿದ್ದರೆ ಕಣ್ಣು ಕುಕ್ಕುವುದಿಲ್ಲ, ನೆಲ ಚೆನ್ನಾಗಿ ಕಾಣುತ್ತದೆ, ಆಕಾಶವೂ ಉಳಿಯುತ್ತದೆ. ಕಲ್ಲುಗಣಿಗಳ ದೂಳು ತೇಲುವ ಇಳಕಲ್ ಪರಿಸರದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು; ದೂಳಿನ ಕಣಗಳೂ ಬೆಳಕನ್ನು ಚದುರಿಸುತ್ತವೆ.

ಜಿಲ್ಲೆಗೆ ಇದನ್ನು ಸರಿಪಡಿಸಿಕೊಳ್ಳಲು ವಿಶೇಷ ಅವಕಾಶವೊಂದಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದ್ದರಿಂದಲೇ ನವನಗರ ಹುಟ್ಟಿತು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತ ಜಾರಿಯಾದರೆ ಮತ್ತಷ್ಟು ಹಳ್ಳಿಗಳು ಸ್ಥಳಾಂತರಗೊಳ್ಳಬೇಕು. ಹೊಸ ಪುನರ್ವಸತಿ ಕೇಂದ್ರಗಳಿಗೆ ದೀಪಗಳನ್ನು ಹೊಸದಾಗಿಯೇ ಖರೀದಿಸಬೇಕಲ್ಲವೆ? ಟೆಂಡರಿನ ಷರತ್ತುಗಳಲ್ಲಿ ಮರೆಯಿರುವ ದೀಪ, 3000 ಕೆಲ್ವಿನ್ ಮೀರದ ಬಣ್ಣ, ನಡುರಾತ್ರಿಯ ನಂತರ ಮಂದವಾಗುವ ವ್ಯವಸ್ಥೆ ಎಂಬ ಮೂರು ಸಾಲು ಸೇರಿಸಿದರೆ ಸಾಕು. ಹಾಕಿದ ದೀಪಗಳನ್ನು ಆಮೇಲೆ ಬದಲಿಸುವುದಕ್ಕಿಂತ ಇದು ಎಷ್ಟೋ ಅಗ್ಗ.

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಹಗಲು ಬಂದು ಸಂಜೆ ಮರಳುವ ಪ್ರವಾಸಿಗರನ್ನು ಒಂದು ರಾತ್ರಿ ತಂಗಿಸಲೂ ಆಕಾಶ ನೆರವಾದೀತು. 2022ರಲ್ಲಿ ಲಡಾಖಿನ ಹಾನ್ಲೆಯಲ್ಲಿ ಘೋಷಿಸಲಾದ ಕತ್ತಲಾಕಾಶ ಮೀಸಲು ಪ್ರದೇಶದಲ್ಲಿ ಸ್ಥಳೀಯ ಯುವಜನರೇ ತರಬೇತಿ ಪಡೆದು ಪ್ರವಾಸಿಗರಿಗೆ ದೂರದರ್ಶಕದಲ್ಲಿ ನಕ್ಷತ್ರ ತೋರಿಸುತ್ತಾರೆ. ಹಾನ್ಲೆಯ ಎತ್ತರವೂ ಶುಷ್ಕ ಗಾಳಿಯೂ ನಮಗಿಲ್ಲ. ಆದರೆ ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಚಳಿಗಾಲದ ನಿರಭ್ರ ರಾತ್ರಿಗಳಿಗೆ ಕೊರತೆಯಿಲ್ಲ.

ಐಹೊಳೆಯ ಮೇಗುತಿ ಬಸದಿಯಲ್ಲಿರುವ ರವಿಕೀರ್ತಿಯ ಶಾಸನ ಶಕವರ್ಷ 556ನ್ನು, ಅಂದರೆ ಕ್ರಿ.ಶ. 634ನ್ನು, ಲೆಕ್ಕವಿಟ್ಟು ದಾಖಲಿಸಿದೆ. ಅಂಥ ಕಾಲಗಣನೆ ಸಾಧ್ಯವಾದದ್ದು ತಲೆಯೆತ್ತಿ ಆಕಾಶವನ್ನು ಗಮನಿಸಿದವರಿಂದ. ಇಂದಿನ ನವನಗರದ ಶಾಲಾ ಬಾಲಕಿಯೊಬ್ಬಳು ತಲೆಯೆತ್ತಿದರೆ ಅವಳಿಗೆ ಏನು ಕಾಣಬೇಕೆಂಬುದನ್ನು ನಗರಸಭೆಯ ಮುಂದಿನ ಟೆಂಡರು ನಿರ್ಧರಿಸಲಿದೆ.